ಹೇಳುವವರೂ ಬೇಕು, ಕೇಳುವವರೂ ಬೇಕು

(ಸ್ಥಳೀಯ ಆಡಳಿತದಲ್ಲಿ ಪಾರದರ್ಶಕತೆ ಮತ್ತು ಜನರ ಪಾತ್ರ ಕುರಿತ ಉಪನ್ಯಾಸದ ಬರಹರೂಪ)



ಮಳೆಗಾಲದ ಒಂದು ಬೆಳಿಗ್ಗೆ ಹಿರಿಯೂರಿನ ಬಸ್ ನಿಲ್ದಾಣದಲ್ಲಿ ನಿಂತು ಯಾರನ್ನಾದರೂ ‘ಮಾರಿಕಣಿವೆಯಲ್ಲಿ ನೀರು ಎಷ್ಟಿದೆ?’ ಎಂದು ಕೇಳಿ ನೋಡಿ. ಹೂವು ಮಾರುವವರಿರಲಿ, ಆಟೊ ಓಡಿಸುವವರಿರಲಿ, ಕಾಲೇಜಿಗೆ ಹೊರಟ ಹುಡುಗರಿರಲಿ, ಅಡಿ ಲೆಕ್ಕದಲ್ಲೇ ಉತ್ತರ ಹೇಳುತ್ತಾರೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ಆ ದಿನಗಳಲ್ಲಿ ಮಟ್ಟ ಅಡಿಯಡಿಯಾಗಿ ಏರುವುದನ್ನು ಇಡೀ ಜಿಲ್ಲೆ ಎಣಿಸುತ್ತಾ ಕುಳಿತಿತ್ತು. ಬಾಗಿನದ ದಿನಕ್ಕೂ ಮೊದಲೇ ಸಾವಿರಾರು ಜನ ಕೋಡಿ ನೋಡಿ ಬಂದಿದ್ದರು.

ಈಗ ಅದೇ ಜನರಿಗೆ ಇನ್ನೊಂದು ಪ್ರಶ್ನೆ ಹಾಕಿ. ‘ನಿಮ್ಮ ಬೀದಿಗೆ ನೀರು ಬಿಡುವ ಟ್ಯಾಂಕನ್ನು ಕಡೆಯ ಸಲ ತೊಳೆದದ್ದು ಯಾವಾಗ?’ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ‘ನೀರು ಬಿಡುವವನನ್ನು ಕೇಳಬೇಕು’ ಎನ್ನುತ್ತಾರೆ. ಹತ್ತಾರು ಮೈಲಿ ಆಚೆಯ ಅಣೆಕಟ್ಟೆಯ ಲೆಕ್ಕ ನಾಲಿಗೆಯ ತುದಿಯಲ್ಲಿದೆ, ಮನೆಯ ಹಿಂದಿನ ಟ್ಯಾಂಕಿನ ಲೆಕ್ಕ ಯಾರಿಗೂ ತಿಳಿಯದು. ಇಂದಿನ ಮಾತೆಲ್ಲ ಈ ವ್ಯತ್ಯಾಸ ಏಕೆ ಬಂತು ಎಂಬುದನ್ನು ಕುರಿತದ್ದು.

ವ್ಯತ್ಯಾಸಕ್ಕೆ ಕಾರಣ ಸರಳವಾಗಿದೆ. ಅಣೆಕಟ್ಟೆಯ ಮಟ್ಟವನ್ನು ಹೇಳುವವರಿದ್ದಾರೆ. ಅಧಿಕಾರಿಗಳು ದಿನವೂ ಅಳೆಯುತ್ತಾರೆ, ಪತ್ರಿಕೆಗಳು ಅಚ್ಚು ಮಾಡುತ್ತವೆ. ಕೇಳುವವರೂ ಇದ್ದಾರೆ. ನಾಲೆಗೆ ನೀರು ಬಿಡುವ ದಿನ, ಅಡಕೆ ತೆಂಗಿನ ತೋಟದ ಗತಿ, ಕುಡಿಯುವ ನೀರಿನ ಪಾಲು ಎಲ್ಲವೂ ಆ ಅಂಕಿಯ ಮೇಲೆ ನಿಂತಿವೆ. ‘ಅಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲ’ ಎಂದು ಕೆಟ್ಟ ಕಚೇರಿಯನ್ನು ಕುರಿತು ನಮ್ಮ ಕಡೆ ಒಂದು ಮಾತಿದೆ. ಪಾರದರ್ಶಕತೆ, ಜನರ ಪಾಲ್ಗೊಳ್ಳುವಿಕೆ ಎಂಬ ಎರಡು ಭಾರವಾದ ಪದಗಳು ಹೇಳುವುದನ್ನೆಲ್ಲ ಈ ಆಡುಮಾತು ಹೇಳಿ ಮುಗಿಸುತ್ತದೆ. ಹೇಳುವವರಿದ್ದರೆ ಪಾರದರ್ಶಕತೆ, ಕೇಳುವವರಿದ್ದರೆ ಪಾಲ್ಗೊಳ್ಳುವಿಕೆ. ಎರಡೂ ಕೂಡಿದರೆ ಮಾತ್ರ ಕಚೇರಿಯ ಕೆಲಸ ಸುಧಾರಿಸುತ್ತದೆ, ಒಂದೇ ಇದ್ದರೆ ಸಾಲದು.

ಸಾಲದಿದ್ದರೆ ಆಗುವ ನಷ್ಟವೇನೆಂದು ಚಿತ್ರದುರ್ಗಕ್ಕೆ ಹೇಳಿಕೊಡಬೇಕಾಗಿಲ್ಲ. 2023ರ ಆಗಸ್ಟ್ ಆರಂಭದಲ್ಲಿ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದ ಜನ ವಾಂತಿಭೇದಿಯಿಂದ ಹಾಸಿಗೆ ಹಿಡಿದರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಹಲವರು ಪ್ರಾಣ ಕಳೆದುಕೊಂಡರು. ಆಮೇಲೆ ನೀರಿನ ಮಾದರಿ ಪ್ರಯೋಗಾಲಯಕ್ಕೆ ಹೋಯಿತು, ಅಧಿಕಾರಿಗಳು ಅಮಾನತಾದರು, ವಿಚಾರಣೆ ನಡೆಯಿತು. ಒಂದು ಫಲಕ ಇದ್ದಿದ್ದರೆ ಆ ಸಾವುಗಳು ತಪ್ಪುತ್ತಿದ್ದವು ಎಂದು ಯಾರೂ ಹೇಳಲಾರರು. ಆದರೆ ಟ್ಯಾಂಕು ತೊಳೆದದ್ದು ಯಾವಾಗ, ನೀರು ಪರೀಕ್ಷೆ ಮಾಡಿದ್ದು ಯಾವಾಗ, ಪೈಪು ಎಲ್ಲಿ ಚರಂಡಿಯ ಪಕ್ಕ ಹಾದಿದೆ ಎಂಬ ಪ್ರಶ್ನೆಗಳು ಸಾವಿನ ನಂತರ ಏಳುವುದಕ್ಕೂ ಪ್ರತಿ ತಿಂಗಳೂ ಏಳುವುದಕ್ಕೂ ಬಹಳ ಅಂತರವಿದೆ.

ತಲೆಕೆಳಗಾದ ಜಮಾಬಂದಿ

ಆಡಳಿತ ತನ್ನ ಲೆಕ್ಕವನ್ನು ಜನರಿಗೆ ಹೇಳಬೇಕು ಎಂಬುದು ನಮ್ಮಲ್ಲಿ ಬಹಳ ಹಳೆಯ ಯೋಚನೆಯಲ್ಲ. ಹಳೆಯ ಕಾಲದಲ್ಲಿ ಲೆಕ್ಕ ಕೇಳುತ್ತಿದ್ದದ್ದು ಸರ್ಕಾರ, ಹೇಳಬೇಕಾದವನು ರೈತ. ಜಮಾಬಂದಿ ಎಂಬ ಪದವನ್ನೇ ನೋಡಿ. ಮೈಸೂರು ಸಂಸ್ಥಾನದಲ್ಲಿ ವರ್ಷಕ್ಕೊಮ್ಮೆ ಕಂದಾಯದ ಅಧಿಕಾರಿಗಳು ತಾಲ್ಲೂಕಿನಲ್ಲಿ ಮೊಕ್ಕಾಂ ಹೂಡುತ್ತಿದ್ದರು. ಶಾನುಭೋಗರು ಕಡತದ ಗಂಟು ಹೊತ್ತು ಬರುತ್ತಿದ್ದರು. ಯಾವ ರೈತನಿಂದ ಎಷ್ಟು ಬರಬೇಕು, ಎಷ್ಟು ಬಂತು, ಬಾಕಿ ಎಷ್ಟು ಎಂದು ತಾಳೆ ನೋಡುವುದೇ ಜಮಾಬಂದಿ. ರೈತ ಕೈಕಟ್ಟಿ ನಿಂತು ಕೇಳುತ್ತಿದ್ದ.

ಮೊದಲ ಬಿರುಕು ಕಾಣಿಸಿದ್ದು 1881ರಲ್ಲಿ. ಆ ವರ್ಷ ದಿವಾನ್ ಸಿ. ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಆಗ ಬಂದ ಪ್ರತಿನಿಧಿಗಳು 144 ಮಂದಿ. ಬಹುಪಾಲು ಜಮೀನುದಾರರು ಮತ್ತು ವರ್ತಕರು. ದಿವಾನರು ಸಂಸ್ಥಾನದ ಆದಾಯ, ವೆಚ್ಚ, ಮಾಡಿದ ಕೆಲಸ, ಮಾಡಲಿರುವ ಕೆಲಸಗಳನ್ನು ಅವರ ಮುಂದೆ ಓದಿದರು. ಸದಸ್ಯರು ತಮ್ಮ ಊರಿನ ಅಹವಾಲು ಹೇಳಿಕೊಳ್ಳಬಹುದಿತ್ತು. ನಿರ್ಣಯ ಮಾಡುವ ಅಧಿಕಾರ ಅವರಿಗಿರಲಿಲ್ಲ. ಅಂದರೆ ಹೇಳುವುದು ಮೇಲಿನಿಂದ, ಬೇಡುವುದು ಕೆಳಗಿನಿಂದ. ಆದರೂ ಆಳುವವರು ತಮ್ಮ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು ಎಂಬ ರೂಢಿ ಅಲ್ಲಿ ಬಿತ್ತು. 1923ರಲ್ಲಿ ಆ ಸಭೆಗೆ ಶಾಸನಬದ್ಧ ಸ್ಥಾನ ಬಂತು.

ಜಮಾಬಂದಿ ಪೂರ್ತಿ ತಲೆಕೆಳಗಾಗಲು ಮತ್ತೂ ಮುಕ್ಕಾಲು ಶತಮಾನ ಬೇಕಾಯಿತು. 1993ರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದ ಅಡಿಯಲ್ಲಿ 2000ದಲ್ಲಿ ಜಮಾಬಂದಿ ನಿಯಮಗಳು ಬಂದವು. ಪ್ರತಿ ಗ್ರಾಮ ಪಂಚಾಯಿತಿಯೂ ಹಿಂದಿನ ಹಣಕಾಸು ವರ್ಷದ ಜಮಾ ಖರ್ಚನ್ನು ಜನರ ಮುಂದೆ ಇಡಬೇಕು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಈ ಕೆಲಸ ನಡೆಯಬೇಕು. ಹೊರಗಿನ ಅಧಿಕಾರಿಯೊಬ್ಬರು ಬಂದು ಕೂರುತ್ತಾರೆ. ಕಡತ, ನಗದು ಪುಸ್ತಕ, ಅಳತೆ ಪುಸ್ತಕ ಮೇಜಿನ ಮೇಲೆ ಇರಬೇಕು. ಊರವರು ಕೇಳಿದ ಕಾಮಗಾರಿಯ ಸ್ಥಳಕ್ಕೇ ಹೋಗಿ ನೋಡಬೇಕು. ಪದ ಅದೇ ಉಳಿಯಿತು, ಲೆಕ್ಕ ಒಪ್ಪಿಸುವವರು ಬದಲಾದರು. ಅಂದು ಸರ್ಕಾರ ರೈತನ ಲೆಕ್ಕ ಕೇಳುತ್ತಿತ್ತು, ಇಂದು ರೈತ ಸರ್ಕಾರದ ಲೆಕ್ಕ ಕೇಳಬಹುದು. ನಮ್ಮ ಆಡಳಿತದ ಇತಿಹಾಸದಲ್ಲಿ ಇಷ್ಟು ಸದ್ದಿಲ್ಲದೆ ಆದ ದೊಡ್ಡ ಬದಲಾವಣೆ ಇನ್ನೊಂದು ಸಿಗುವುದು ಕಷ್ಟ.

ದೂರು ಹೆಚ್ಚಿದರೆ ಆಡಳಿತ ಕೆಟ್ಟಿತೆ?

ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಪ್ರಯೋಗ ನಡೆದಿದೆ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ನೀವು ಮರೆತಿರಲಾರಿರಿ. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡವರು. ಅವರ ಆಸಕ್ತಿಯಿಂದ ಬಂದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಕಾಲು ಭಾಗ ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು.

ಆ ವರ್ಷಗಳನ್ನು ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಎಂಬ ಇಬ್ಬರು ವಿದ್ವಾಂಸರು ಅಧ್ಯಯನ ಮಾಡಿ 1998ರಲ್ಲಿ ಗ್ರಂಥ ಪ್ರಕಟಿಸಿದರು. ಕರ್ನಾಟಕದ ಜೊತೆಗೆ ಬಾಂಗ್ಲಾದೇಶ, ಘಾನಾ, ಐವರಿ ಕೋಸ್ಟ್‌ಗಳನ್ನೂ ಹೋಲಿಸಿ ನೋಡಿದ ಗ್ರಂಥ ಅದು. ನಾಲ್ಕರಲ್ಲಿ ಕರ್ನಾಟಕದ ಸಾಧನೆಯೇ ಮೇಲು ಎಂದು ಅವರು ಕಂಡುಕೊಂಡರು. ಶಾಲೆಗೆ ಬಾರದ ಮೇಷ್ಟ್ರು, ಆಸ್ಪತ್ರೆಗೆ ಬಾರದ ವೈದ್ಯರು ಬರತೊಡಗಿದ್ದರು. ಏಕೆಂದರೆ ಗೈರುಹಾಜರಿಯನ್ನು ಕಂಡು ಕೇಳುವ ಸದಸ್ಯ ಈಗ ಅದೇ ಊರಿನವನಾಗಿದ್ದ.

ಇನ್ನೊಂದು ಸಂಗತಿ ಹೆಚ್ಚು ವಿಚಿತ್ರವಾದದ್ದು. ಒಟ್ಟಿನಲ್ಲಿ ಪೋಲಾಗುವ ಹಣ ಕಡಿಮೆಯಾಗಿತ್ತು, ಆದರೆ ಭ್ರಷ್ಟಾಚಾರ ಹೆಚ್ಚಾಗಿದೆ ಎಂದು ಜನ ನಂಬಿದ್ದರು! ಇದು ಹೇಗೆ? ಮೊದಲು ಜಿಲ್ಲೆಗೆ ಎಷ್ಟು ಹಣ ಬಂತು ಎಂಬುದೇ ಕೆಲವೇ ಅಧಿಕಾರಿಗಳಿಗೆ ಗೊತ್ತಿತ್ತು. ಅಲ್ಲಿ ದೊಡ್ಡ ಮೊತ್ತ ಕೈಬದಲಾದರೂ ಊರಿಗೆ ಸುದ್ದಿ ಬರುತ್ತಿರಲಿಲ್ಲ. ಪರಿಷತ್ತು ಬಂದ ಮೇಲೆ ಹಣದ ಲೆಕ್ಕ ಹತ್ತಾರು ಸದಸ್ಯರ ಕಿವಿಗೆ ಬಿತ್ತು. ಒಬ್ಬ ಸಣ್ಣ ಕಮಿಷನ್ ಹೊಡೆದರೂ ಊರೆಲ್ಲ ಗುಲ್ಲಾಯಿತು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು ಎನ್ನುತ್ತಾರಲ್ಲ, ಹಾಗೆ. ಕಳ್ಳತನ ಕಡಿಮೆಯಾಗಿ, ಕಳ್ಳತನದ ಸುದ್ದಿ ಹೆಚ್ಚಾಗಿತ್ತು.

ಈ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಸಭೆಯಲ್ಲಿ ಗಲಾಟೆಯಾಯಿತು, ದೂರಿನ ಅರ್ಜಿ ರಾಶಿ ಬಿತ್ತು, ಮಾಹಿತಿ ಹಕ್ಕಿನಡಿ ನೂರು ಪ್ರಶ್ನೆ ಬಂತು ಎಂದಾಗ ‘ಕಾಲ ಕೆಟ್ಟಿತು’ ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ದೂರೇ ಇಲ್ಲದ ಕಚೇರಿಯನ್ನು ಒಳ್ಳೆಯ ಕಚೇರಿ ಎಂದುಕೊಳ್ಳುತ್ತೇವೆ. ಆದರೆ ದೂರೇ ಇಲ್ಲದ ಕಡೆ, ದೂರಿ ಪ್ರಯೋಜನವಿಲ್ಲ ಎಂದು ಜನ ಕೈಬಿಟ್ಟಿರುವುದೂ ಉಂಟು. ಕಚೇರಿಯ ಆರೋಗ್ಯವನ್ನು ದೂರಿನ ಸಂಖ್ಯೆಯಿಂದ ಅಳೆಯಲಾಗದು. ಎಷ್ಟು ದೂರಿಗೆ, ಎಷ್ಟು ದಿನದಲ್ಲಿ, ಏನು ಉತ್ತರ ಹೋಯಿತು ಎಂಬುದರಿಂದ ಅಳೆಯಬೇಕು.

ಗಟ್ಟಿಯಾಗಿ ಓದಿದಾಗ

ಲೆಕ್ಕವನ್ನು ತೆರೆದಿಡುವುದೆಂದರೆ ಗೋಡೆಗೆ ಕಾಗದ ಅಂಟಿಸುವುದಷ್ಟೇ ಅಲ್ಲ. ಓದು ಬಾರದವರಿಗೆ ಗೋಡೆಯ ಕಾಗದ ಬರಿ ಕಾಗದವೇ. ರಾಜಸ್ಥಾನದ ಕೋಟ್ ಕಿರಾನಾ ಎಂಬ ಊರಿನಲ್ಲಿ 1994ರ ಡಿಸೆಂಬರ್‌ನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ‘ಜನ ಸುನವಾಯಿ’ ನಡೆಸಿತು. ಕಾಮಗಾರಿಯ ಹಾಜರಿ ಪಟ್ಟಿಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಪಟ್ಟಿಯಲ್ಲಿ ಹೆಸರಿದ್ದವರು ಅಲ್ಲೇ ಎದ್ದು ನಿಂತು, ತಾವು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದರು. ಪುಸ್ತಕದಲ್ಲಿ ವರ್ಷಗಟ್ಟಲೆ ಭದ್ರವಾಗಿದ್ದ ಸುಳ್ಳು ಕಿವಿಗೆ ಬಿದ್ದ ಕೂಡಲೇ ಬಯಲಾಯಿತು. ಆ ಚಳವಳಿಯ ಬಲವೂ ಸೇರಿ 2005ರಲ್ಲಿ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬಂತು. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲಿ, ತನ್ನದೇ ಕಾಯ್ದೆ ಮಾಡಿಕೊಂಡಿತ್ತು.

ಅದೇ ಪಾಠವನ್ನು ಉದ್ಯೋಗ ಖಾತರಿ ಯೋಜನೆ ಕಾನೂನಾಗಿ ಮಾಡಿತು. 2006ರ ಫೆಬ್ರುವರಿಯಲ್ಲಿ ಆ ಯೋಜನೆ ದೇಶದ 200 ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂತು. ಕರ್ನಾಟಕದಿಂದ ಆಯ್ಕೆಯಾದ ಐದರಲ್ಲಿ ಚಿತ್ರದುರ್ಗವೂ ಒಂದು. ಬೀದರ್, ಗುಲ್ಬರ್ಗ, ರಾಯಚೂರು, ದಾವಣಗೆರೆ ಉಳಿದ ನಾಲ್ಕು. ಕಾಮಗಾರಿಯ ಲೆಕ್ಕವನ್ನು ಗ್ರಾಮಸಭೆಯೇ ಪರಿಶೋಧಿಸಬೇಕು ಎಂದು 2005ರ ಆ ಕಾಯ್ದೆಯಲ್ಲಿ ಬರೆದಿತ್ತು. ಹೊಸದುರ್ಗ, ಹೊಳಲ್ಕೆರೆ ಸೀಮೆಯ ಹಳ್ಳಿಗಳಿಗೆ ‘ಸಾಮಾಜಿಕ ಪರಿಶೋಧನೆ’ ಎಂಬ ಮಾತು ಬಂದದ್ದು ಹೀಗೆ. ಯಾರ ಹೆಸರಿನಲ್ಲಿ ಎಷ್ಟು ದಿನದ ಕೂಲಿ ಬಿದ್ದಿದೆ, ಕೆರೆಯ ಹೂಳು ಎಷ್ಟು ತೆಗೆದಿದ್ದಾರೆ ಎಂಬುದನ್ನು ಆ ಕೆರೆಯ ಏರಿಯ ಮೇಲೆ ದಿನವೂ ನಡೆದಾಡುವವರಿಗಿಂತ ಚೆನ್ನಾಗಿ ಬಲ್ಲ ಲೆಕ್ಕ ಪರಿಶೋಧಕರು ಯಾರಿದ್ದಾರೆ?

ಸಭೆ ಸೇರಿದರೆ ನಿಜವಾಗಿ ಫಲವಿದೆಯೇ ಎಂಬ ಅನುಮಾನ ಸಹಜ. ತಿಮೊಥಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಎಂಬ ಅರ್ಥಶಾಸ್ತ್ರಜ್ಞರು ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳಲ್ಲಿ ಸಮೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಉತ್ತರ ಹೇಳುತ್ತದೆ. ಗ್ರಾಮಸಭೆ ನಡೆದ ಹಳ್ಳಿಗಳಲ್ಲಿ ಬಿಪಿಎಲ್ ಕಾರ್ಡು ಭೂಮಿ ಇಲ್ಲದವರಿಗೆ, ಓದು ಬಾರದವರಿಗೆ ಸಿಗುವ ಸಂಭವ ಹೆಚ್ಚಾಗಿತ್ತು. ಪಟ್ಟಿಯನ್ನು ಹತ್ತು ಜನರ ಮುಂದೆ ಓದುವಾಗ ತೋಟ, ಟ್ರ್ಯಾಕ್ಟರು ಇದ್ದವನ ಹೆಸರು ಬಂದರೆ ಯಾರಾದರೂ ಕೆಮ್ಮುತ್ತಾರೆ. ಆ ಕೆಮ್ಮಿಗೇ ಎಷ್ಟೋ ಶಕ್ತಿಯಿದೆ.

ಹಾಗೆಂದು ಎಲ್ಲ ಗ್ರಾಮಸಭೆಗಳೂ ಹೀಗೆ ನಡೆಯುವುದಿಲ್ಲ. ಹಿಂದಿನ ದಿನ ಸಂಜೆ ನೋಟಿಸು, ಮರುದಿನ ಬೆಳಿಗ್ಗೆ ಸಭೆ. ಹೆಂಗಸರು ಕೂಲಿಗೆ ಹೋಗುವ ಹೊತ್ತಿಗೇ ಸಭೆ. ಆಮೇಲೆ ಮನೆ ಮನೆಗೆ ಪುಸ್ತಕ ಕಳಿಸಿ ರುಜು. ಮಹಿಳಾ ಸದಸ್ಯೆಯ ಕುರ್ಚಿಯ ಹಿಂದೆ ನಿಂತು ಗಂಡ ಮಾತಾಡುವುದನ್ನೂ ನೋಡುತ್ತೇವೆ. ಕೇರಿಯ ಜನ ಕೊನೆಯ ಸಾಲಿನಲ್ಲಿ ನಿಂತು ಹಿಂತಿರುಗುವುದನ್ನೂ ನೋಡುತ್ತೇವೆ. ಸಭೆಯೆಂಬುದು ಕಾಗದದಲ್ಲಿ ನಡೆದರೆ ಪಾರದರ್ಶಕತೆಯೂ ಕಾಗದದಲ್ಲೇ ಉಳಿಯುತ್ತದೆ. ಆದರೂ ಹಳ್ಳಿಯವರ ಕೈಯಲ್ಲಿ ಒಂದು ಕಾನೂನಿದೆ. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು, ಕರೆಯದಿದ್ದರೆ ಏಕೆ ಎಂದು ಕೇಳಬಹುದು.

ಊರು ಪಟ್ಟಣವಾದಾಗ ಕಳೆದುಕೊಳ್ಳುವುದು

ಪಟ್ಟಣದವರಿಗೆ ಈ ಹಕ್ಕಿದೆಯೇ? ಇಲ್ಲೇ ಕಥೆ ತಿರುವು ಪಡೆಯುತ್ತದೆ. ಕರ್ನಾಟಕದ ಪೌರಸಭೆಗಳ ಕಾಯ್ದೆ ಊರುಗಳನ್ನು ತಲೆಯೆಣಿಕೆಯ ಮೇಲೆ ವಿಂಗಡಿಸುತ್ತದೆ. ಹತ್ತರಿಂದ ಇಪ್ಪತ್ತು ಸಾವಿರದ ಊರಿಗೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಅಲ್ಲಿಂದ ಮೂರು ಲಕ್ಷದವರೆಗೆ ನಗರಸಭೆ. 2011ರ ಜನಗಣತಿಯ ಹೊತ್ತಿಗೆ ಹೊಳಲ್ಕೆರೆಯಲ್ಲಿ ಹದಿನೈದು, ಹದಿನಾರು ಸಾವಿರ ಜನ. ಹೊಸದುರ್ಗ ಇಪ್ಪತ್ತೆಂಟು ಸಾವಿರ ಮುಟ್ಟಿತ್ತು, ಹಿರಿಯೂರು ಐವತ್ತು ಸಾವಿರ ದಾಟಿತ್ತು. ಚಿತ್ರದುರ್ಗ ಒಂದು ಲಕ್ಷ ದಾಟಿ ಬಹಳ ದಿನವಾಗಿತ್ತು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳಿಗೆ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿತು. ಆದರೆ ಯಾವ ನಗರಗಳಿಗೆ? ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವುದಕ್ಕೆ ಮಾತ್ರ. ನಮ್ಮ ನಾಲ್ಕು ಊರುಗಳಲ್ಲಿ ಒಂದೂ ಆ ಗೆರೆಯನ್ನು ಮುಟ್ಟುವುದಿಲ್ಲ. ಅದೇ ಕಾಲದಲ್ಲಿ ಬಂದ 73ನೇ ತಿದ್ದುಪಡಿ ಹಳ್ಳಿಗೆ ಗ್ರಾಮಸಭೆಯನ್ನು ಕೊಟ್ಟಿತು. ಪರಿಣಾಮವನ್ನು ಯೋಚಿಸಿ. ಹೊಳಲ್ಕೆರೆ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಮತದಾರಳಿಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಸಂವಿಧಾನದ ಬಲವಿದೆ. ಅಲ್ಲಿಂದ ಮದುವೆಯಾಗಿ ಹೊಳಲ್ಕೆರೆ ಪೇಟೆಗೆ ಬಂದರೆ ಆ ಬಲ ಹಳ್ಳಿಯಲ್ಲೇ ಉಳಿಯುತ್ತದೆ. ರಾಜ್ಯಗಳು ಮನಸ್ಸು ಮಾಡಿದರೆ ಸಣ್ಣ ಊರಿಗೂ ಇಂಥ ಸಮಿತಿ ಮಾಡಬಹುದು, ಸಂವಿಧಾನ ಅಡ್ಡಿ ಬರುವುದಿಲ್ಲ. ಆದರೆ ‘ಮಾಡಲೇಬೇಕು’ ಎಂಬುದಕ್ಕೂ ‘ಮಾಡಬಹುದು’ ಎಂಬುದಕ್ಕೂ ಇರುವ ದೂರ ಸರ್ಕಾರಿ ಕಚೇರಿಯಲ್ಲಿ ಬಹಳ ದೊಡ್ಡದು.

ಹಾಗಾದರೆ ಪಟ್ಟಣಿಗರಿಗೆ ಏನೂ ಇಲ್ಲವೇ? ಇದೆ. ಮನೆ ಕಂದಾಯವನ್ನೇ ತೆಗೆದುಕೊಳ್ಳಿ. ಮೊದಲು ಮನೆಯ ಬೆಲೆ ಕಟ್ಟುತ್ತಿದ್ದದ್ದು ಕಚೇರಿ. ಅಳತೆಗೆ ಬಂದವರ ಕೈಬಿಸಿ ಮಾಡಿದರೆ ಒಂದು ಲೆಕ್ಕ, ಮಾಡದಿದ್ದರೆ ಇನ್ನೊಂದು. 2002ರಿಂದ ರಾಜ್ಯದ ಪಟ್ಟಣಗಳಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಪದ್ಧತಿ ಬಂತು. ಮನೆಯ ಯಜಮಾನರೇ ಅಳತೆ ಬರೆದು, ಎಲ್ಲರಿಗೂ ಗೊತ್ತಿರುವ ದರದಲ್ಲಿ ಗುಣಿಸಿ, ಬ್ಯಾಂಕಿಗೆ ಕಟ್ಟಬಹುದಾಯಿತು. ಸೂತ್ರ ಬಯಲಿಗೆ ಬಂದ ಕೂಡಲೇ ಚೌಕಾಸಿಗೆ ಜಾಗ ಕಡಿಮೆಯಾಯಿತು. 1999ರ ಕರ್ನಾಟಕ ಪಾರದರ್ಶಕತೆ ಕಾಯ್ದೆ ಸರ್ಕಾರಿ ಖರೀದಿ ಮತ್ತು ಗುತ್ತಿಗೆಗಳಿಗೆ ಬಹಿರಂಗ ಟೆಂಡರನ್ನು ನಿಯಮ ಮಾಡಿತು. ಪುರಸಭೆ, ನಗರಸಭೆಗಳು ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಭೆ ಕರೆಯುವ ಪದ್ಧತಿಯೂ ಇದೆ. ಆ ಸಭೆಗೆ ಹೋಗುವವರು ಎಷ್ಟು ಜನ ಎಂಬುದು ಬೇರೆ ಮಾತು.

ಸಭೆ ಇಲ್ಲದ ಊರಿನವರು ಬೇರೆ ದಾರಿ ಹುಡುಕಿದ್ದೂ ಉಂಟು. ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಅವರು ಮನೆ ಮನೆಗೆ ಹೋಗಿ ಕೇಳಿ, ಪಾಲಿಕೆ, ನೀರು, ವಿದ್ಯುತ್, ದೂರವಾಣಿ ಮುಂತಾದ ಕಚೇರಿಗಳಿಗೆ ನಾಗರಿಕರ ಕೈಯಿಂದಲೇ ಅಂಕಪಟ್ಟಿ ಕೊಡಿಸಿದರು. 1994ರ ಮೊದಲ ಪಟ್ಟಿಯಲ್ಲಿ ಕಚೇರಿಗಳಿಗೆ ಬಂದ ಅಂಕ ಬಲು ಕಡಿಮೆ. ಪತ್ರಿಕೆಗಳು ಅದನ್ನು ಅಚ್ಚು ಮಾಡಿದಾಗ ಅಧಿಕಾರಿಗಳಿಗೆ ಮುಜುಗರವಾಯಿತು. 1999ರಲ್ಲಿ ಸ್ವಲ್ಪ, 2003ರಲ್ಲಿ ಗಣನೀಯವಾಗಿ ಅಂಕ ಏರಿತು. ಮಾಡಿದ್ದು ಇಷ್ಟೇ: ಒಬ್ಬೊಬ್ಬರ ಮನೆಯ ಗೊಣಗಾಟವನ್ನು ಕೂಡಿಸಿ ಅಂಕಿಯಾಗಿ ಮಾಡಿದರು. ಗೊಣಗಾಟವನ್ನು ಕಚೇರಿ ಕಿವಿಗೆ ಹಾಕಿಕೊಳ್ಳದಿರಬಹುದು, ಅಂಕಿಯನ್ನು ಹಾಗೆ ಬಿಡಲಾಗದು. ಹೊಸದುರ್ಗದಂಥ ಊರಿನಲ್ಲಿ ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕಿಲ್ಲ. ಒಂದು ಕಾಲೇಜಿನ ಇಪ್ಪತ್ತು ಮಕ್ಕಳು, ಒಂದು ನೋಟು ಪುಸ್ತಕ, ನಾಲ್ಕು ಭಾನುವಾರ ಸಾಕು.

ಚಿತ್ರದುರ್ಗದಲ್ಲಿ ಮೊದಲಾದ ಗಡಿಯಾರ

ಬಾಗಿಲು ತೆರೆಯುವುದೆಂದರೆ ಹಣದ ಲೆಕ್ಕ ಮಾತ್ರವಲ್ಲ, ಕಾಲದ ಲೆಕ್ಕವೂ ಹೌದು. ಇದರಲ್ಲಿ ಚಿತ್ರದುರ್ಗಕ್ಕೆ ಒಂದು ಹೆಗ್ಗಳಿಕೆಯಿದೆ. ನಾಗರಿಕ ಸೇವೆಗಳ ಖಾತರಿ ಕಾಯ್ದೆ, ಅಂದರೆ ‘ಸಕಾಲ’, 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಆರಂಭವಾಗುವ ಮುಂಚೆ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗಕ್ಕೆ ಬಂದಿತ್ತು. ಔರಾದ್, ಧಾರವಾಡ, ಪುತ್ತೂರು ಮತ್ತು ಚಿತ್ರದುರ್ಗ. ಮೊದಲಿಗೆ 11 ಇಲಾಖೆಗಳ 151 ಸೇವೆಗಳು ಇದರಲ್ಲಿದ್ದವು.

ಉಪಾಯ ಬಹಳ ಸರಳ. ಜನನ ಪತ್ರವೋ ಖಾತೆ ನಕಲೋ ಬೇಕೆಂದು ಅರ್ಜಿ ಕೊಟ್ಟರೆ ಒಂದು ಸಂಖ್ಯೆ ಕೊಡುತ್ತಾರೆ. ಎಷ್ಟು ದಿನದಲ್ಲಿ ಕೊಡಬೇಕೆಂದು ಮೊದಲೇ ನಿಗದಿಯಾಗಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಪರಿಹಾರ ಕೇಳಬಹುದು, ಅದನ್ನು ಹೊಣೆಗಾರ ನೌಕರರಿಂದ ವಸೂಲು ಮಾಡಬಹುದು. ಮೊತ್ತ ದೊಡ್ಡದಲ್ಲ. ಅದರ ಬಲ ಬೇರೆ ಕಡೆಯಿದೆ. ‘ನಾಳೆ ಬನ್ನಿ’ ಎಂಬ ಮಾತಿಗೆ ಮೊದಲ ಬಾರಿ ತಾರೀಖು ಬಿತ್ತು. ಕೌಂಟರಿನ ಆಚೆ ಕೂತವರ ಮರ್ಜಿ ಹೋಗಿ ಈಚೆ ನಿಂತವರ ಕೈಗೆ ಸಂಖ್ಯೆ ಬಂತು. ಒಂದು ಕಚೇರಿಯಲ್ಲಿ ಎಷ್ಟು ಅರ್ಜಿ ಬಾಕಿ ಇದೆ ಎಂದು ಮೇಲಿನವರೂ ನೋಡುವಂತಾಯಿತು.

ಇದನ್ನೂ ಹಾರಿಸುವ ಜಾಣ್ಮೆ ಇಲ್ಲದಿಲ್ಲ. ಅರ್ಜಿ ತೆಗೆದುಕೊಂಡು ಸಂಖ್ಯೆ ಕೊಡದಿರುವುದು, ‘ಇನ್ನೊಂದು ಕಾಗದ ತನ್ನಿ, ಆಮೇಲೆ ಹತ್ತಿಸುತ್ತೇವೆ’ ಎನ್ನುವುದು, ಗಡುವಿನ ಹಿಂದಿನ ದಿನ ಏನಾದರೂ ಕೊರತೆ ತೋರಿಸಿ ತಿರಸ್ಕರಿಸುವುದು. ಸಂಖ್ಯೆ ಹತ್ತದಿದ್ದರೆ ಗಡಿಯಾರ ಓಡುವುದೇ ಇಲ್ಲ. ಆದ್ದರಿಂದ ‘ಸಂಖ್ಯೆ ಕೊಡಿ’ ಎಂದು ನಿಂತು ಕೇಳುವವರಿಲ್ಲದ ಕಡೆ ಸಕಾಲವೂ ಗೋಡೆಯ ಮೇಲಿನ ಬೋರ್ಡಾಗಿ ಉಳಿಯುತ್ತದೆ.

ಉತ್ತರ ಹೇಳಬೇಕಾದವರೇ ಇಲ್ಲದಾಗ

ಹೇಳುವವರು, ಕೇಳುವವರು ಇಬ್ಬರೂ ಇದ್ದರೂ ಮೂರನೆಯವರೊಬ್ಬರು ಬೇಕು. ತಪ್ಪಿಗೆ ತಲೆಕೊಡುವವರು. ಅವರನ್ನು ಜನ ಚುನಾವಣೆಯಲ್ಲಿ ಆರಿಸುತ್ತಾರೆ. ಆ ಕುರ್ಚಿಯೇ ಖಾಲಿ ಇದ್ದರೆ?

2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸ್ಥಳೀಯ ಸಂಸ್ಥೆಗಳಿಗೆ ಚುನಾವಣೆ ನಡೆಯಿತು. 35 ವಾರ್ಡುಗಳ ಚಿತ್ರದುರ್ಗ ನಗರಸಭೆಯೂ ಅವುಗಳಲ್ಲಿ ಒಂದು. ಜನ ಮತ ಹಾಕಿದರು, ಸದಸ್ಯರು ಗೆದ್ದರು, ಪಟಾಕಿ ಹೊಡೆದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. 2020ರ ಕೊನೆಯ ತಿಂಗಳುಗಳವರೆಗೂ ಗೆದ್ದವರು ಗೆದ್ದೂ ಅಧಿಕಾರವಿಲ್ಲದೆ ಕುಳಿತರು. ಆ ಎರಡು ವರ್ಷ ವಾರ್ಡಿನವರು ಸದಸ್ಯರನ್ನು ಕೇಳಿದರೆ ‘ನಮಗಿನ್ನೂ ಅಧಿಕಾರ ಬಂದಿಲ್ಲ’ ಎಂಬ ಉತ್ತರ. ಅಧಿಕಾರಿಗಳನ್ನು ಕೇಳಿದರೆ ‘ಕೌನ್ಸಿಲ್ ಇಲ್ಲವಲ್ಲ’ ಎಂಬ ಉತ್ತರ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು ಇನ್ನೂ ದೀರ್ಘ ಕಥೆ. 2021ರಲ್ಲಿ ಅವಧಿ ಮುಗಿದ ಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಯಾವ ಜಾಲತಾಣ, ಯಾವ ಫಲಕ, ಯಾವ ಸಹಾಯವಾಣಿಯೂ ಈ ಖಾಲಿ ಕುರ್ಚಿಯನ್ನು ತುಂಬಲಾರದು.

ಆದ್ದರಿಂದ ‘ಪಾರದರ್ಶಕತೆ ತಂದಿದ್ದೇವೆ, ಎಲ್ಲವೂ ಕಂಪ್ಯೂಟರಿನಲ್ಲಿದೆ’ ಎಂದು ಯಾರಾದರೂ ಹೇಳಿದಾಗ ಮೂರು ವಿಷಯ ವಿಚಾರಿಸಬೇಕು. ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ, ಅವರಿಗೆ ಕಾಣುವ ಜಾಗದಲ್ಲಿ ಹೇಳಿದ್ದಾರೆಯೇ? ಕೇಳಲು ಗೊತ್ತಾದ ದಿನ, ಗೊತ್ತಾದ ಜಾಗ ಇದೆಯೇ? ಉತ್ತರ ಹೇಳಬೇಕಾದವರ ಹೆಸರು ಗೊತ್ತಿದೆಯೇ? ಮೂರರಲ್ಲಿ ಒಂದು ತಪ್ಪಿದರೂ ಉಳಿದ ಎರಡು ಹೆಚ್ಚು ಕಾಲ ನಿಲ್ಲುವುದಿಲ್ಲ.

ಕಿಂಡಿಯ ಬಳಿ ನಿಂತವಳು

ದುರ್ಗದಲ್ಲಿ ನಿಂತು ಮಾತಾಡುವಾಗ ಓಬವ್ವಳ ನೆನಪು ಬಾರದಿರದು. ಅವಳ ಶೌರ್ಯವನ್ನು ಹಾಡುತ್ತೇವೆ, ಸರಿ. ಆದರೆ ಕಥೆಯ ಇನ್ನೊಂದು ಅಂಶವನ್ನು ಗಮನಿಸುವುದು ಕಡಿಮೆ. ಏಳು ಸುತ್ತಿನ ಕೋಟೆಗೆ ಕಾವಲುಗಾರರಿದ್ದರು, ಬುರುಜುಗಳಿದ್ದವು, ಬಾಗಿಲುಗಳಿದ್ದವು. ಶತ್ರು ಬಂದದ್ದು ಯಾರೂ ಗಮನಿಸದ ಒಂದು ಕಿಂಡಿಯಿಂದ. ಕಂಡವಳು ಸಂಬಳದ ಕಾವಲುಗಾರಳಲ್ಲ, ನೀರು ತರಲು ಹೋಗಿದ್ದ ಹೆಂಗಸು. ಊರಿನ ಆಡಳಿತದಲ್ಲೂ ಅನೇಕ ಸೋರಿಕೆ ಮೊದಲು ಕಾಣುವುದು ಕೊಡ ಹಿಡಿದು ನಲ್ಲಿಯ ಮುಂದೆ ನಿಂತವರಿಗೇ. ನೀರಿನ ಬಣ್ಣ ಬದಲಾದದ್ದು ಪ್ರಯೋಗಾಲಯಕ್ಕಿಂತ ಮುಂಚೆ ಅವರಿಗೆ ಗೊತ್ತಾಗುತ್ತದೆ. ಅವರು ಯಾರಿಗೆ ಹೇಳಬೇಕು, ಹೇಳಿದರೆ ಕೇಳಿಸಿಕೊಳ್ಳುವವರಿದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಕೊನೆಗೆ ಒಂದು ಸಣ್ಣ ಕೆಲಸ. ಅನೇಕ ಊರುಗಳಲ್ಲಿ ಓವರ್‌ಹೆಡ್ ಟ್ಯಾಂಕಿನ ಕಂಬದ ಮೇಲೆ ‘ಸ್ವಚ್ಛಗೊಳಿಸಿದ ದಿನಾಂಕ’ ಎಂದು ಬಣ್ಣದಲ್ಲಿ ಬರೆದು ಮುಂದೆ ಜಾಗ ಬಿಟ್ಟಿರುತ್ತಾರೆ. ಕೆಲವೆಡೆ ತಾರೀಖು ಇರುತ್ತದೆ, ಕೆಲವೆಡೆ ಜಾಗ ಖಾಲಿ ಇರುತ್ತದೆ, ಕೆಲವೆಡೆ ಯಾವುದೋ ಕಾಲದ ತಾರೀಖು ಮಾಸಿ ನಿಂತಿರುತ್ತದೆ. ಇಂದು ಮನೆಗೆ ಹೋಗುವಾಗ ನಿಮ್ಮ ವಾರ್ಡಿನ ಟ್ಯಾಂಕಿನ ಬಳಿ ಒಂದು ನಿಮಿಷ ನಿಂತು ನೋಡಿ. ತಾರೀಖು ಇದ್ದರೆ, ಅದು ನಿಜವೇ ಎಂದು ನೀರು ಬಿಡುವವರನ್ನು ವಿಚಾರಿಸಿ. ಇಲ್ಲದಿದ್ದರೆ ಒಂದು ಹಾಳೆಯಲ್ಲಿ ಅರ್ಜಿ ಬರೆಯಿರಿ. ಚಿತ್ರದುರ್ಗ, ಹಿರಿಯೂರಿನವರಾದರೆ ನಗರಸಭೆಯ ಪೌರಾಯುಕ್ತರಿಗೆ, ಹೊಸದುರ್ಗ, ಹೊಳಲ್ಕೆರೆಯವರಾದರೆ ಮುಖ್ಯಾಧಿಕಾರಿಗೆ, ಹಳ್ಳಿಯವರಾದರೆ ಪಿಡಿಒಗೆ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನಡಿ ಕೇಳಿ, ಮೂವತ್ತು ದಿನದೊಳಗೆ ಹೇಳಲೇಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಶುಲ್ಕವೂ ಇಲ್ಲ.

ಒಬ್ಬರು ಕೇಳಿದರೆ ತಾರೀಖು ಬರೆಯುತ್ತಾರೆ. ಮುಂದಿನ ತಿಂಗಳು ಇನ್ನೊಬ್ಬರು ಕೇಳಿದರೆ ಟ್ಯಾಂಕು ತೊಳೆದು ತಾರೀಖು ಬರೆಯುತ್ತಾರೆ. ಮಾರಿಕಣಿವೆಯ ಅಡಿ ಲೆಕ್ಕದಂತೆ ಈ ತಾರೀಖೂ ಊರವರ ಬಾಯಲ್ಲಿ ಬರುವಂತಾಗಲಿ.